ಕಲ್ಲಿದ್ದಲು ಗಣಿಯಿಂದ ಸುತ್ತಲಿನ ನೀರಿಗೆ ಏನಾಗುತ್ತದೆ, ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲವಲ್ಲ, ನಮಗೇಕೆ ಈ ಲೆಕ್ಕ?

ನಮ್ಮ ನೆಲದಡಿ ಇಲ್ಲ, ನಿಜ. ಆದರೆ ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡತಿನಿಯ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲು ಯಾವುದೋ ಊರಿನ ಅಂತರ್ಜಲವನ್ನು ಪಂಪ್ ಮಾಡಿ ಹೊರಚೆಲ್ಲಿದ ಮೇಲೆಯೇ ಮೇಲೆದ್ದು ಬಂದದ್ದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿರುವ ಬಾರಂಜ್ ಗಣಿಗಳು (ಇದು ನಮ್ಮ ಶಿವಮೊಗ್ಗದ ಭದ್ರಾವತಿಯಲ್ಲ) ಕರ್ನಾಟಕ ವಿದ್ಯುತ್ ನಿಗಮದ ಪಾಲಿನವು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆಯನ್ನು ರದ್ದು ಮಾಡಿದ ಮೇಲೆ 2015ರಲ್ಲಿ ಅವು ನಿಗಮಕ್ಕೆ ಹಂಚಿಕೆಯಾದವು.

ಹಾಗಾಗಿ ಇಲ್ಲಿನ ಉದಾಹರಣೆಗಳಿಗೆ ಆ ಗಣಿಗಳಿರುವ ವಾರ್ಧಾ ಕಣಿವೆಯನ್ನೇ ನೆಲೆಯಾಗಿ ಇಟ್ಟುಕೊಂಡಿದ್ದೇವೆ. ಲೆಕ್ಕಗಳಲ್ಲಿ ಬಳಸಿದ ಅಂಕಿಗಳು ವಿಧಾನ ತೋರಿಸಲು ಹಾಕಿದವು, ಯಾವುದೇ ಒಂದು ಗಣಿಯವಲ್ಲ.

ಗಣಿ ತೋಡಿದರೆ ನೀರಿಗೆ ಯಾವ ದಾರಿಯಲ್ಲಿ ತೊಂದರೆ ಬರುತ್ತದೆ?

ತೆರೆದ ಗಣಿ ಎಂದರೆ ಅಂತರ್ಜಲದ ಮಟ್ಟಕ್ಕಿಂತ ನೂರಾರು ಅಡಿ ಕೆಳಗಿಳಿದ ದೊಡ್ಡ ಬಾವಿ. ಗುಂಡಿ ಒಣಗಿರಬೇಕಾದರೆ ಒರತೆಯ ನೀರನ್ನು ಹಗಲೂ ರಾತ್ರಿ ಎತ್ತಲೇಬೇಕು. ಅದರಿಂದ ಸುತ್ತಲಿನ ನೀರಿನ ಮಟ್ಟ ಗುಂಡಿಯ ಕಡೆಗೆ ಇಳಿಜಾರಾಗುತ್ತದೆ. ಇದು ಮೊದಲ ದಾರಿ, ಜನರ ಕಣ್ಣಿಗೆ ಬೀಳುವುದೂ ಇದೇ.

ಉಳಿದವು ಸದ್ದಿಲ್ಲದೆ ನಡೆಯುತ್ತವೆ. ಗಣಿ ಪ್ರದೇಶದೊಳಗೆ ಹರಿಯುತ್ತಿದ್ದ ಹಳ್ಳವನ್ನು ತಿರುಗಿಸಿದಾಗ ಕೆಳಗಿನ ಕೆರೆಗೆ ಬರುತ್ತಿದ್ದ ನೀರು ತಪ್ಪುತ್ತದೆ. ಅಗೆದು ಗುಡ್ಡೆ ಹಾಕಿದ ಮಣ್ಣುಕಲ್ಲು, ಅಂದರೆ ಗಣಿಯವರು ಓಬಿ ಡಂಪ್ ಎನ್ನುವುದು, ಮಳೆಗೆ ಕೊಚ್ಚಿ ಹಳ್ಳದಲ್ಲಿ ಹೂಳಾಗುತ್ತದೆ. ಗಾಳಿ ತಾಗಿದ ಬಂಡೆಯಿಂದ ಸಲ್ಫೇಟ್, ಕಬ್ಬಿಣ, ಮ್ಯಾಂಗನೀಸ್ ಕರಗುತ್ತವೆ. ಸಿಡಿಮದ್ದಿನಿಂದ ನೈಟ್ರೇಟ್ ಸೇರುತ್ತದೆ. ಗಣಿ ಮುಚ್ಚಿದ ಮೇಲೆ ಉಳಿಯುವ ಗುಂಡಿ ದಶಕಗಳ ಕಾಲ ಸುತ್ತಲಿನ ನೀರನ್ನು ತನ್ನೊಳಕ್ಕೆ ಎಳೆಯುತ್ತಲೇ ಇರುತ್ತದೆ.

ಅಧ್ಯಯನ ಎಲ್ಲಿಂದ ಶುರು ಮಾಡಬೇಕು?

ಬಾವಿ ಗಣತಿಯಿಂದ. ಗಣಿಯ ಗುತ್ತಿಗೆ ಪ್ರದೇಶಕ್ಕೆ ಕೋರ್ ಜೋನ್ ಎಂದೂ ಅದರ ಸುತ್ತ 10 ಕಿ.ಮೀ. ಪಟ್ಟಿಗೆ ಬಫರ್ ಜೋನ್ ಎಂದೂ ಹೇಳುವುದು ರೂಢಿ. 10 ಕಿ.ಮೀ. ತ್ರಿಜ್ಯದ ವೃತ್ತವೆಂದರೆ 314 ಚದರ ಕಿ.ಮೀ. ಇಷ್ಟು ಜಾಗಕ್ಕೆ ಎಂಟು ಹತ್ತು ಬಾವಿ ನೋಡಿ ವರದಿ ಬರೆಯುವ ಚಾಳಿ ಇದೆ, ಅದು ಸಾಲದು. ಗುಂಡಿಯ ಅಂಚಿನಿಂದ 2 ಕಿ.ಮೀ. ಒಳಗಿನ ಪ್ರತಿಯೊಂದು ಬಾವಿ, ಕೊಳವೆಬಾವಿ ಪಟ್ಟಿಯಲ್ಲಿ ಇರಬೇಕು. ಅದರಾಚೆ ಪ್ರತಿ ಹಳ್ಳಿಗೆ ಕನಿಷ್ಠ ಒಂದು ತೆರೆದ ಬಾವಿ, ಒಂದು ಕೊಳವೆಬಾವಿ.

ಪ್ರತಿ ಬಾವಿಗೆ ಬರೆದುಕೊಳ್ಳಬೇಕಾದದ್ದು: ಜಿಪಿಎಸ್ ಸ್ಥಾನ, ಆಳ, ಅಡ್ಡಗಲ, ಕಟ್ಟೆಯ ಎತ್ತರ, ಯಾವ ಪದರದಿಂದ ಒರತೆ ಬರುತ್ತದೆ, ಪಂಪಿನ ಅಶ್ವಶಕ್ತಿ, ಬೇಸಿಗೆಯಲ್ಲಿ ಎಷ್ಟು ಗಂಟೆ ಓಡುತ್ತದೆ, ಯಾವ ವರ್ಷ ಬತ್ತಿತ್ತು. ಕೊನೆಯದನ್ನು ಮಾಲೀಕರನ್ನೇ ಕೇಳಬೇಕು. ಹತ್ತು ಮನೆಯವರು ಒಂದೇ ವರ್ಷ ಹೇಳಿದರೆ ಅದನ್ನು ಮಳೆಯ ದಾಖಲೆಯೊಂದಿಗೆ ತಾಳೆ ನೋಡಬಹುದು. ಬಾವಿಯ ಫೋಟೊ ತೆಗೆದು, ಕಟ್ಟೆಯ ಮೇಲೆ ಅಳತೆಯ ಬಿಂದುವಿಗೆ ಬಣ್ಣದ ಗುರುತು ಹಾಕಿ. ಮುಂದಿನ ವರ್ಷ ಬೇರೆ ಹುಡುಗರು ಬಂದು ಕಟ್ಟೆಯ ಇನ್ನೊಂದು ಬದಿಯಿಂದ ಅಳೆದರೆ ಅರ್ಧ ಮೀಟರ್ ‘ಕುಸಿತ’ ಕಾಗದದ ಮೇಲೆ ಹುಟ್ಟಿಬಿಡುತ್ತದೆ.

ಜೊತೆಗೆ ಹಳೆಯ ದಾಖಲೆ ಹುಡುಕಿ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಮಹಾರಾಷ್ಟ್ರದಲ್ಲಿ ರಾಜ್ಯದ ಅಂತರ್ಜಲ ಸಂಸ್ಥೆ ಜಿಎಸ್‌ಡಿಎಯ ಬಾವಿಗಳೂ ಇವೆ. ಗಣಿಗಿಂತ ಮೊದಲಿನ ಹತ್ತು ವರ್ಷದ ರೇಖೆ ಒಂದೇ ಒಂದು ಬಾವಿಯದು ಸಿಕ್ಕರೂ ಅದು ಬಂಗಾರ. ಅಗೆತ ಶುರುವಾದ ಮೇಲೆ ‘ಮೊದಲಿನ ಮಟ್ಟ’ವನ್ನು ಯಾರೂ, ಎಷ್ಟು ಹಣ ಕೊಟ್ಟರೂ, ಅಳೆದು ತರಲಾರರು.

ಒಂದು ಋತುವಿನ ಮಾಹಿತಿ ಸಾಕು ಎಂದು ನಿಯಮದಲ್ಲಿದೆಯಲ್ಲ?

ಪರಿಸರ ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಮೂರು ತಿಂಗಳ ಮಾಹಿತಿ ಸಾಮಾನ್ಯವಾಗಿ ಒಪ್ಪಿತವಾಗುತ್ತದೆ. ಗಾಳಿಯ ಧೂಳಿಗೆ ಅದು ಒಂದು ಮಟ್ಟಿಗೆ ಸರಿ. ನೀರಿಗೆ ಸರಿಯಲ್ಲ. ಗಟ್ಟಿ ಬಂಡೆ, ಮರಳುಗಲ್ಲಿನ ನಾಡಿನಲ್ಲಿ ಬಾವಿಯ ಮಟ್ಟ ಮೇ ತಿಂಗಳಿಗೂ ನವೆಂಬರಿಗೂ ಹಲವು ಮೀಟರ್ ಏರಿಳಿಯುತ್ತದೆ. ಮೂರು ತಿಂಗಳು ಮಾತ್ರ ಅಳೆದರೆ ಆ ಏರಿಳಿತವೇ ಕಾಣುವುದಿಲ್ಲ. ಆಮೇಲೆ ಆಗುವ 3 ಮೀ. ಕುಸಿತ ಗಣಿಯದ್ದೋ ಋತುವಿನದ್ದೋ ಎಂಬ ವಾದಕ್ಕೆ ಕೊನೆಯೇ ಇರುವುದಿಲ್ಲ. ಕನಿಷ್ಠ ಎರಡು ಮುಂಗಾರು ದಾಟುವಂತೆ ತಿಂಗಳಿಗೊಮ್ಮೆ ಅಳೆಯಿರಿ. ಮಟ್ಟ ಅಳೆಯಲೆಂದೇ ಕೊರೆದ ನಾಲ್ಕಾರು ಕೊಳವೆಗಳಲ್ಲಿ, ಅಂದರೆ ಪೀಜೋಮೀಟರ್‌ಗಳಲ್ಲಿ ಸ್ವಯಂಚಾಲಿತ ಲಾಗರ್ ಇಳಿಬಿಟ್ಟರೆ ಇನ್ನೂ ಒಳ್ಳೆಯದು.

ನೀರಿನ ಮಟ್ಟ ಅಳೆಯುವುದರಲ್ಲಿ ತಪ್ಪಾಗುವುದೆಲ್ಲಿ?

ಹೊತ್ತು: ಪಂಪ್ ಓಡುತ್ತಿರುವಾಗ ಅಥವಾ ನಿಲ್ಲಿಸಿದ ಕೂಡಲೇ ಅಳೆದ ಮಟ್ಟ ಬಾವಿಯದ್ದು, ನೆಲದ್ದಲ್ಲ. ಬೆಳಗ್ಗೆ ಪಂಪ್ ಹಾಕುವ ಮುನ್ನ ಅಳೆಯಬೇಕು.

ಎತ್ತರ: ವಾರ್ಧಾ ನದಿಯ ಬಯಲಿನಂಥ ಕಡೆ ಅಂತರ್ಜಲದ ಇಳಿಜಾರು ಕಿಲೋಮೀಟರಿಗೆ ಒಂದೆರಡು ಮೀಟರ್ ಇದ್ದರೆ ಹೆಚ್ಚು. ಬಾವಿಯ ನೆಲಮಟ್ಟವನ್ನು ಮೊಬೈಲ್ ಜಿಪಿಎಸ್‌ನಿಂದ ತೆಗೆದರೆ 5ರಿಂದ 10 ಮೀ. ತಪ್ಪು ಸಹಜ. ಅಂಥ ಅಂಕಿಯಿಂದ ಬರೆದ ನಕ್ಷೆಯಲ್ಲಿ ನೀರು ನದಿಯಿಂದ ಗುಡ್ಡಕ್ಕೆ ಹರಿಯುವಂತೆ ಕಂಡರೂ ಆಶ್ಚರ್ಯವಿಲ್ಲ. ಸರ್ವೆಯವರ ನಿಖರ ಉಪಕರಣಗಳಾದ ಡಿಜಿಪಿಎಸ್ ಅಥವಾ ಆಟೊ ಲೆವೆಲ್ ಬಳಸಿ ಸೆಂಟಿಮೀಟರ್ ಮಟ್ಟಕ್ಕೆ ತನ್ನಿ.

ಪದರ: ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ವಾರ್ಧಾ ಕಣಿವೆಯಲ್ಲಿ ಕಲ್ಲಿದ್ದಲು ಇರುವುದು ಬರಾಕರ್ ಸ್ತರದಲ್ಲಿ. ಅದರ ಮೇಲೆ ಹಲವೆಡೆ ಕಾಮ್ಠಿ ಮರಳುಗಲ್ಲು ಇದೆ. ಅದು ಒಳ್ಳೆಯ ಜಲಧರ, ಅಂದರೆ ನೀರನ್ನು ಹಿಡಿದಿಟ್ಟು ಬಿಟ್ಟುಕೊಡುವ ಪದರ. ಇನ್ನೂ ಮೇಲೆ ಕೆಲವೆಡೆ ಡೆಕ್ಕನ್ ಟ್ರ್ಯಾಪ್‌ನ ಬಸಾಲ್ಟು, ಅದರ ಮೇಲೆ ಕಪ್ಪುಮಣ್ಣು. 10 ಮೀ. ತೆರೆದ ಬಾವಿಯ ಮಟ್ಟವನ್ನೂ 120 ಮೀ. ಕೊಳವೆಬಾವಿಯ ಮಟ್ಟವನ್ನೂ ಒಂದೇ ನಕ್ಷೆಗೆ ಸೇರಿಸಿ ರೇಖೆ ಎಳೆದರೆ ಆ ನಕ್ಷೆ ಯಾವ ಪದರದ್ದೂ ಅಲ್ಲ. ಪೀಜೋಮೀಟರ್ ಕೊರೆಯುವಾಗ ಒಂದು ಜಾಗದಲ್ಲಿ ಎರಡು ಅಥವಾ ಮೂರು, ಬೇರೆ ಬೇರೆ ಆಳಕ್ಕೆ ಹಾಕಿ, ಪದರಗಳ ನಡುವೆ ಬೆಂಟೊನೈಟ್ ಜೇಡಿಯಿಂದ ಸೀಲ್ ಮಾಡಬೇಕು. ಸೀಲ್ ಮಾಡದ ಆಳದ ಕೊಳವೆ ಮೇಲಿನ ಪದರದ ನೀರನ್ನು ಕೆಳಕ್ಕೆ ಸೋರಿಸುತ್ತಲೂ ಇರುತ್ತದೆ.

ಜಲಧರದ ಗುಣ ತಿಳಿಯಲು ಏನು ಮಾಡಬೇಕು?

ಪಂಪಿಂಗ್ ಪರೀಕ್ಷೆ. ಮೊದಲು ಹಂತ ಹಂತವಾಗಿ ಪಂಪ್ ಹೆಚ್ಚಿಸಿ ಬಾವಿ ಎಷ್ಟು ತಾಳುತ್ತದೆ ಎಂದು ನೋಡಿ. ಆಮೇಲೆ ಒಂದೇ ಪ್ರಮಾಣದಲ್ಲಿ 24ರಿಂದ 72 ಗಂಟೆ ಎತ್ತಿ, ನಿಲ್ಲಿಸಿದ ಮೇಲೆ ಮಟ್ಟ ಏರುವುದನ್ನೂ ಅಳೆಯಿರಿ. ಪಂಪ್ ಇರುವ ಬಾವಿಯಲ್ಲಷ್ಟೇ ಅಳೆದರೆ ಸಂಗ್ರಹಣಾ ಗುಣಾಂಕ (ಮಟ್ಟ ಇಳಿದಾಗ ಪದರ ಎಷ್ಟು ನೀರು ಬಿಟ್ಟುಕೊಡುತ್ತದೆ ಎಂಬ ಅಳತೆ) ನಂಬುವಂತೆ ಸಿಗುವುದಿಲ್ಲ. 20, 50 ಮೀ. ದೂರದಲ್ಲಿ ಒಂದಾದರೂ ವೀಕ್ಷಣಾ ಬಾವಿ ಬೇಕು.

ಕೂಪರ್–ಜೇಕಬ್ ವಿಧಾನದಲ್ಲಿ ಲೆಕ್ಕ ಸರಳ. ದಿನಕ್ಕೆ 500 ಘನ ಮೀಟರ್ ಎತ್ತಿದಾಗ, ಲಾಗ್ ಕಾಗದದ ಮೇಲೆ ಸಮಯ ಹತ್ತುಪಟ್ಟು ಆಗುವಷ್ಟರಲ್ಲಿ ಮಟ್ಟ 1.5 ಮೀ. ಇಳಿದರೆ, ಜಲವಾಹಕತೆ (ಇಡೀ ಪದರ ನೀರನ್ನು ಸಾಗಿಸುವ ಸಾಮರ್ಥ್ಯ) = 2.3 × 500 ÷ (4 × 3.14 × 1.5), ಅಂದರೆ ದಿನಕ್ಕೆ ಸುಮಾರು 61 ಚದರ ಮೀಟರ್.

ಹೊರಬಂದ ನೀರನ್ನು ಅಲ್ಲೇ ಬಿಟ್ಟರೆ ಅದು ಮರಳಿ ಇಂಗಿ ಫಲಿತಾಂಶವನ್ನು ಚೆಂದ ಮಾಡಿಬಿಡುತ್ತದೆ. ಕನಿಷ್ಠ 200–300 ಮೀ. ದೂರಕ್ಕೆ ಪೈಪಿನಲ್ಲಿ ಸಾಗಿಸಿ. ಹರಿವನ್ನು, ವಿ ಆಕಾರದಲ್ಲಿ ಕತ್ತರಿಸಿದ ಹಲಗೆಯಾದ 90 ಡಿಗ್ರಿ ವಿ-ನಾಚ್‌ನಲ್ಲಿ ಅಳೆಯುವುದಾದರೆ ಎಚ್ಚರ: ನಾಚ್‌ನ ಮೇಲೆ 10 ಸೆಂ.ಮೀ. ನೀರಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 11 ಸೆಂ.ಮೀ. ಇದ್ದರೆ 5.5 ಲೀಟರ್. ಒಂದು ಸೆಂಟಿಮೀಟರ್ ತಪ್ಪಿದರೆ ಹರಿವು ಕಾಲುಭಾಗಕ್ಕಿಂತ ಹೆಚ್ಚು ತಪ್ಪುತ್ತದೆ. ಅಳತೆಪಟ್ಟಿಯನ್ನು ನಾಚ್‌ನ ಬಾಯಲ್ಲಿ ಇಡದೆ, ನೀರು ಬಾಗಲು ಶುರುವಾಗುವ ಮೊದಲೇ, ಸ್ವಲ್ಪ ಹಿಂದೆ ನಿಲ್ಲಿಸಬೇಕು.

ಗಣಿಯಿಂದ ಎತ್ತುವುದು ಬರೀ ಮಳೆನೀರು ಎನ್ನುತ್ತಾರೆ. ಒರತೆಯ ಪಾಲು ಎಷ್ಟೆಂದು ಬೇರ್ಪಡಿಸಬಹುದೇ?

ಬೇರ್ಪಡಿಸಬಹುದು, ಬೇರ್ಪಡಿಸಲೇಬೇಕು. ಮಳೆನೀರು ಹೇಗೂ ಹರಿದುಹೋಗುತ್ತಿತ್ತು. ಒರತೆಯ ನೀರು ಬಾವಿಗಳ ಪಾಲಿನದು. ಎರಡನ್ನೂ ಕಲಸಿ ಒಂದೇ ಅಂಕಿ ಕೊಡುವ ವರದಿಯಿಂದ ಏನೂ ತಿಳಿಯುವುದಿಲ್ಲ.

ಗುಂಡಿಯ ಜಮಾಖರ್ಚು ಹೀಗೆ: ಮಳೆ ಮತ್ತು ಒರತೆ ಒಳಬರುವವು, ಪಂಪ್ ಆದದ್ದು, ಧೂಳಿಗೆ ಸಿಂಪಡಿಸಿದ್ದು, ಆವಿಯಾದದ್ದು ಹೊರಹೋಗುವವು, ಸಂಪಿನಲ್ಲಿ (ಗುಂಡಿಯ ತಳದಲ್ಲಿ ನೀರು ಕೂಡುವ ಹೊಂಡದಲ್ಲಿ) ಮಟ್ಟ ಏರಿದರೆ ಅದು ಉಳಿತಾಯ. ಮಳೆಯಿಲ್ಲದ ಏಪ್ರಿಲ್ ತಿಂಗಳನ್ನು ಹಿಡಿಯಿರಿ. 30 ದಿನದಲ್ಲಿ 1.8 ಲಕ್ಷ ಘನ ಮೀಟರ್ ಎತ್ತಿದ್ದಾರೆ, ಅಂದರೆ ದಿನಕ್ಕೆ 6,000. ಆ ತಿಂಗಳು ಸಂಪಿನ ಮಟ್ಟ ಇಳಿದು ಅದರಲ್ಲಿದ್ದ 30,000 ಘನ ಮೀಟರ್ ಖರ್ಚಾಗಿದೆ, ದಿನಕ್ಕೆ 1,000. 2 ಹೆಕ್ಟೇರ್ ಸಂಪಿನಿಂದ ದಿನಕ್ಕೆ 8 ಮಿ.ಮೀ. ಆವಿಯಾದರೆ 160. ಒರತೆ = 6,000 + 160 − 1,000 = ದಿನಕ್ಕೆ 5,160 ಘನ ಮೀಟರ್. ಸಂಪಿನ ನೀರನ್ನೇ ಎತ್ತಿ ರಸ್ತೆಗೆ ಸಿಂಪಡಿಸುತ್ತಿದ್ದು, ಅದು ಪಂಪಿನ ಮೀಟರಿನಲ್ಲಿ ಬಾರದಿದ್ದರೆ ಅದನ್ನೂ ಕೂಡಿಸಬೇಕು. ತಲಾ ದಿನಕ್ಕೆ 55 ಲೀಟರ್ ಎಂಬ ಜಲಜೀವನ್ ಮಿಷನ್‌ನ ಅಳತೆಯಲ್ಲಿ 5,160 ಘನ ಮೀಟರ್ ಎಂದರೆ 93 ಸಾವಿರ ಜನರ ನೀರು.

ಪಂಪ್ ಓಡಿದ ಗಂಟೆಯನ್ನು ಪಂಪಿನ ಫಲಕದ ಮೇಲಿನ ಸಾಮರ್ಥ್ಯದಿಂದ ಗುಣಿಸುವುದು ಬೇಡ. ಆಳ ಹೆಚ್ಚಿದಂತೆ, ಇಂಪೆಲ್ಲರ್ ಸವೆದಂತೆ ನಿಜವಾದ ಹರಿವು ಕಡಿಮೆಯಾಗುತ್ತದೆ. ಫ್ಲೋ ಮೀಟರ್ ಇರಲಿ, ಅದರ ಕ್ಯಾಲಿಬ್ರೇಶನ್ ಪ್ರಮಾಣಪತ್ರದ ದಿನಾಂಕವನ್ನೂ ನೋಡಿ.

ಮಳೆಗಾಲದ ಲೆಕ್ಕ ಬೇರೆ. 200 ಹೆಕ್ಟೇರ್ ಗುಂಡಿಯ ಮೇಲೆ ಒಂದೇ ದಿನ 150 ಮಿ.ಮೀ. ಸುರಿದು, ಶೇ. 80ರಷ್ಟು ಕೆಳಗೆ ಹರಿದು ಬಂದರೆ 2.4 ಲಕ್ಷ ಘನ ಮೀಟರ್. ಗಂಟೆಗೆ 500 ಘನ ಮೀಟರ್ ಎತ್ತುವ ನಾಲ್ಕು ಪಂಪು ದಿನಕ್ಕೆ 20 ಗಂಟೆ ಓಡಿದರೂ ಬರಿದಾಗಲು ಆರು ದಿನ. ಆ ಆರು ದಿನ ಕೆಸರು ನೀರು ಹೂಳುಗುಂಡಿಯಲ್ಲಿ ನಿಲ್ಲದೆ ಹಳ್ಳಕ್ಕೆ ಹೋಗುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಗಣಿಯ ಪ್ರಭಾವ ಎಷ್ಟು ದೂರ ಮುಟ್ಟುತ್ತದೆ? ಕೆಲವು ವರದಿಗಳಲ್ಲಿ 300–400 ಮೀಟರ್ ಎಂದಿರುತ್ತದೆ.

ಆ ಅಂಕಿ ಬಹುತೇಕ ಸಿಕಾರ್ಟ್ ಸೂತ್ರದಿಂದ ಬಂದದ್ದು: ದೂರ = 3000 × ಕುಸಿತ × ವಾಹಕತೆಯ (ಬಂಡೆಯೊಳಗೆ ನೀರು ಎಷ್ಟು ಸುಲಭವಾಗಿ ಸಾಗುತ್ತದೆ ಎಂಬ ಅಳತೆಯ) ವರ್ಗಮೂಲ. ಕುಸಿತ 40 ಮೀ., ವಾಹಕತೆ ಸೆಕೆಂಡಿಗೆ 0.00001 ಮೀ. ಎಂದರೆ ಸುಮಾರು 380 ಮೀ. ಬರುತ್ತದೆ. ಕಟ್ಟಡದ ಪಾಯಕ್ಕೆ ಕೆಲವು ವಾರ ನೀರೆತ್ತುವಾಗ ಅಂದಾಜಿಗೆ ಬಳಸುವ ಸೂತ್ರವಿದು. ಇದರಲ್ಲಿ ಕಾಲವೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಓಡುವ ಗಣಿಗೆ ಇದನ್ನು ಹಾಕುವುದು ತಪ್ಪು, ಆದರೂ ಹಾಕುತ್ತಲೇ ಇರುತ್ತಾರೆ. ಕಾರಣ ಸುಲಭ: ಉತ್ತರ ಚಿಕ್ಕದಾಗಿ ಬರುತ್ತದೆ.

ಕಾಲವನ್ನು ಸೇರಿಸುವ ಸೂತ್ರ: ದೂರ = 1.5 × √(ಜಲವಾಹಕತೆ × ಕಾಲ ÷ ಸಂಗ್ರಹಣಾ ಗುಣಾಂಕ). ಅದೇ ಬಂಡೆ, ಪದರದ ದಪ್ಪ ಸುಮಾರು 23 ಮೀ., ಹಾಗಾಗಿ ಜಲವಾಹಕತೆ (ವಾಹಕತೆ × ದಪ್ಪ) ದಿನಕ್ಕೆ 20 ಚದರ ಮೀ., ಕಾಲ ಹತ್ತು ವರ್ಷ ಅಂದರೆ 3,650 ದಿನ ಇರಲಿ. ಮೇಲೆ ತೆರೆದ ಜಲಧರವಾಗಿ ಗುಣಾಂಕ 0.05 ಇದ್ದರೆ 1.8 ಕಿ.ಮೀ. ಅದೇ ಪದರ ಜೇಡಿಯಡಿ ಒತ್ತಡದಲ್ಲಿದ್ದು ಗುಣಾಂಕ 0.0005 ಆದರೆ 18 ಕಿ.ಮೀ., ಬಫರ್ ಜೋನಿನಿಂದಲೂ ಆಚೆ.

18 ಕಿ.ಮೀ. ತನಕ ಬಾವಿಗಳೆಲ್ಲ ಬತ್ತುತ್ತವೆ ಎಂದಲ್ಲ. ಅಂಚಿನಲ್ಲಿ ಕುಸಿತ ಅಳೆಯಲೂ ಸಿಗದಷ್ಟು ಸಣ್ಣದು. ನಡುವೆ ಮಳೆ ಇಂಗುತ್ತದೆ, ನದಿ ಬರುತ್ತದೆ, ಸ್ತರಭಂಗ (ಬಂಡೆಪದರ ಮುರಿದು ಜಾರಿದ ಜಾಗ) ಬರುತ್ತದೆ. ಪ್ರಭಾವದ ಆಕಾರವೂ ವೃತ್ತವಾಗಿರುವುದಿಲ್ಲ. ಪದರ ವಾಲಿರುವ ದಿಕ್ಕಿನಲ್ಲಿ ಉದ್ದಕ್ಕೆ ಚಾಚುತ್ತದೆ, ನದಿಯ ಕಡೆ ಮೊಟಕಾಗುತ್ತದೆ. ನದಿಯ ಕಡೆ ಮೊಟಕಾದಷ್ಟೂ ನದಿಯಿಂದಲೇ ನೀರು ಗಣಿಗೆ ಬರುತ್ತಿದೆ ಎಂದು ಓದಿಕೊಳ್ಳಬೇಕು.

ಕಂಪ್ಯೂಟರ್ ಮಾಡೆಲ್‌ನ ನಕ್ಷೆಯನ್ನು ನಂಬಬಹುದೇ?

ಮಾಡ್‌ಫ್ಲೋ ಅಂತರ್ಜಲದ ಹರಿವನ್ನು ಲೆಕ್ಕ ಹಾಕುವ ಒಳ್ಳೆಯ ಸಾಧನ. ಹಾಕಿದ ಅಂಕಿಗಿಂತ ಒಳ್ಳೆಯ ಉತ್ತರ ಅದರಿಂದ ಬರುವುದಿಲ್ಲ. ನೋಡಬೇಕಾದದ್ದು ಬಣ್ಣದ ನಕ್ಷೆಯನ್ನಲ್ಲ. ಅಂಚು ಎಲ್ಲಿದೆ? 10 ಕಿ.ಮೀ. ವೃತ್ತದ ಗೆರೆಯ ಮೇಲೆ ‘ಮಟ್ಟ ಬದಲಾಗದು’ ಎಂದು ಹಾಕಿದ್ದರೆ ಆ ಅಂಚಿನಿಂದ ಎಷ್ಟು ಬೇಕಾದರೂ ನೀರು ಪುಕ್ಕಟೆ ಹರಿದುಬರುತ್ತದೆ, ಕುಸಿತ ಕಡಿಮೆ ಕಾಣುತ್ತದೆ. ನದಿ, ಜಲಾನಯನದ ದಿಣ್ಣೆ ಇಂಥ ನಿಜವಾದ ಅಂಚುಗಳನ್ನೇ ಹಾಕಿರಬೇಕು. ಎಷ್ಟು ಪದರ? ಇಡೀ ಗೊಂಡ್ವಾನ ಸ್ತರವನ್ನು (ಬರಾಕರ್, ಕಾಮ್ಠಿ ಸೇರಿದ ಬಂಡೆಗಳ ಗುಂಪನ್ನು) ಒಂದೇ ಪದರವಾಗಿ ತೋರಿಸಿದ್ದರೆ ಮೇಲಿನ ಬಾವಿಯ ಬಗ್ಗೆ ಅದು ಏನೂ ಹೇಳಲಾರದು. ಅಳತೆಯ ಮಟ್ಟಕ್ಕೂ ಲೆಕ್ಕದ ಮಟ್ಟಕ್ಕೂ ಎಷ್ಟು ವ್ಯತ್ಯಾಸ? ಒಟ್ಟು ಏರಿಳಿತದ ಶೇ. 10ರೊಳಗೆ ಇರಬೇಕೆಂಬುದು ರೂಢಿ. ಒಂದು ವರ್ಷದ ಅಳತೆಗೆ ಹೊಂದಿಸಿ ಇನ್ನೊಂದು ವರ್ಷದ್ದನ್ನು ಪರೀಕ್ಷೆಗೆ ಉಳಿಸಿಕೊಂಡಿದ್ದಾರೆಯೇ? ಗಣಿಗೆ ಬರುವ ಒರತೆಯ ಪ್ರಮಾಣಕ್ಕೂ ಹೊಂದಿಸಿದ್ದಾರೆಯೇ? ಬರೀ ಮಟ್ಟಕ್ಕೆ ಹೊಂದಿಸಿದರೆ ಇಂಗುವಿಕೆಯನ್ನೂ ವಾಹಕತೆಯನ್ನೂ ಒಟ್ಟಿಗೆ ದುಪ್ಪಟ್ಟು ಮಾಡಿದರೂ ಮಟ್ಟ ಹೆಚ್ಚು ಕಡಿಮೆ ಅದೇ ಬರುತ್ತದೆ, ಒರತೆ ಮಾತ್ರ ದುಪ್ಪಟ್ಟಾಗುತ್ತದೆ.

ಒಂದೇ ಅಂಕಿ ಕೊಡುವ ಮಾಡೆಲ್‌ಗಿಂತ ‘ಇಷ್ಟರಿಂದ ಇಷ್ಟರೊಳಗೆ’ ಎನ್ನುವುದು ಪ್ರಾಮಾಣಿಕ.

ನಮ್ಮ ಬಾವಿ ಬತ್ತಿದೆ. ಗಣಿಯೇ ಕಾರಣ ಎಂದು ತೋರಿಸುವುದು ಹೇಗೆ?

ಮಳೆ, ಹೊಸ ಕೊಳವೆಬಾವಿಗಳು, ಬೆಳೆಯ ಬದಲಾವಣೆ, ಗಣಿ: ನಾಲ್ಕೂ ಬಾವಿ ಬತ್ತಿಸಬಲ್ಲವು. ಬೇರ್ಪಡಿಸಲು ಹೋಲಿಕೆಯ ಬಾವಿ ಬೇಕು: ಅದೇ ಬಂಡೆ, ಅದೇ ಮಳೆ, ಅದೇ ಬೆಳೆ, ಆದರೆ ಗಣಿಯ ಪ್ರಭಾವದಿಂದ ಖಚಿತವಾಗಿ ಆಚೆ. ಬರಗಾಲದಲ್ಲಿ ಎರಡೂ ಇಳಿಯುತ್ತವೆ. ಒಳ್ಳೆಯ ಮಳೆ ಬಂದಾಗ ಒಂದು ಏರಿ ಇನ್ನೊಂದು ಏರದಿದ್ದರೆ ಅಲ್ಲಿ ಸುಳಿವಿದೆ.

ಗಣಿಯ ಕುಸಿತಕ್ಕೆ ತನ್ನದೇ ಗುರುತುಗಳಿವೆ. ಮಳೆಗಾಲದ ನಂತರದ ಮಟ್ಟವೂ ವರ್ಷ ವರ್ಷ ಕೆಳಗಿಳಿಯುತ್ತದೆ. ಗುಂಡಿ ಮುಂದೆ ಸರಿದಂತೆ ಬಾವಿಗಳು ಹತ್ತಿರದಿಂದ ದೂರಕ್ಕೆ ಒಂದೊಂದಾಗಿ ಇಳಿಯುತ್ತವೆ. ಆಳದ ಪೀಜೋಮೀಟರ್ ಮೊದಲು ಕುಸಿದು, ತಿಂಗಳುಗಳ ನಂತರ ಮೇಲಿನ ಬಾವಿ ಹಿಂಬಾಲಿಸುತ್ತದೆ. ಪಂಪ್ ಕೆಟ್ಟು ಗುಂಡಿಯಲ್ಲಿ ನೀರು ನಿಂತ ವಾರಗಳಲ್ಲಿ ಪೀಜೋಮೀಟರ್ ತುಸು ಮೇಲೇರಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗುವುದು ಕಷ್ಟ. ಗಣಿಯ ಪಂಪ್ ಲಾಗ್‌ಬುಕ್ಕನ್ನು ಕೇಳಿ ಪಡೆಯಬೇಕಾದ್ದು ಇದಕ್ಕೇ.

ದೂರವನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಗಣಿಯಿಂದ 800 ಮೀ. ದೂರದ ತೆರೆದ ಬಾವಿ ಜೇಡಿಯ ಮೇಲೆ ನಿಂತ ನೀರಿನಿಂದ ತುಂಬಿಯೇ ಇರಬಹುದು, 4 ಕಿ.ಮೀ. ಆಚೆ ಕಲ್ಲಿದ್ದಲು ಪದರದ ಮೇಲಿನ ಮರಳುಗಲ್ಲಿಗೆ ಇಳಿದ ಕೊಳವೆಬಾವಿ ಬತ್ತಿರಬಹುದು.

ನೀರಿನ ಗುಣಮಟ್ಟಕ್ಕೆ ಏನೇನು ಪರೀಕ್ಷಿಸಬೇಕು?

ಪಿಎಚ್, ವಿದ್ಯುತ್ ವಾಹಕತೆ, ಉಷ್ಣತೆಯನ್ನು ಬಾವಿಯ ದಡದಲ್ಲೇ ಅಳೆಯಿರಿ. ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಬದಲಾಗುತ್ತದೆ, ಕಬ್ಬಿಣ ತಳಕ್ಕೆ ಕೂರುತ್ತದೆ. ಕೊಳವೆಬಾವಿಯಾದರೆ ಕೇಸಿಂಗ್‌ನ ಮೂರು ಪಟ್ಟು ನೀರನ್ನು ಹೊರಬಿಟ್ಟು, ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆ ಮಾದರಿ ಹಿಡಿಯಿರಿ. ಲೋಹಗಳಿಗೆ ಒಂದು ಬಾಟಲಿ: 0.45 ಮೈಕ್ರಾನ್ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತರಬೇಕು. ಆಮ್ಲ ಹಾಕದ ಇನ್ನೊಂದು ಬಾಟಲಿ ಸಲ್ಫೇಟ್, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್‌ಗೆ; ಅಂಚಿನವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯಲ್ಲಿ ಸಾಗಿಸಿ. ನೈಟ್ರಿಕ್ ಆಮ್ಲ ಹಾಕಿದ ಬಾಟಲಿಯಲ್ಲಿ ನೈಟ್ರೇಟ್ ಪರೀಕ್ಷಿಸಿದ ವರದಿಗಳೂ ಉಂಟು, ನಗಬೇಡಿ.

ಫಲಿತಾಂಶ ಬಂದಾಗ ಮೊದಲು ಧನ, ಋಣ ಅಯಾನುಗಳ ತಾಳೆ ನೋಡಿ. ವ್ಯತ್ಯಾಸ ಶೇ. 5ರೊಳಗೆ ಇದ್ದರೆ ಸರಿ, 10 ದಾಟಿದರೆ ಮತ್ತೆ ಪರೀಕ್ಷಿಸಿ. ಕರಗಿದ ಘನವಸ್ತುವನ್ನು ವಿದ್ಯುತ್ ವಾಹಕತೆಯಿಂದ ಭಾಗಿಸಿದರೆ 0.55ರಿಂದ 0.75ರೊಳಗೆ ಬರಬೇಕು, ಎಲ್ಲ ಬಾವಿಗೂ ನಿಖರವಾಗಿ 0.65 ಬಂದಿದ್ದರೆ ಒಂದನ್ನು ಅಳೆದೇ ಇಲ್ಲ, ಇನ್ನೊಂದರಿಂದ ಗುಣಿಸಿದ್ದಾರೆ.

ಮಿತಿಗಳು ಎರಡು ಬಗೆ, ಕಲಸಬಾರದು. ಗಣಿಯಿಂದ ಹೊರಬಿಡುವ ನೀರಿಗೆ 2000ನೇ ಇಸವಿಯ ಕಲ್ಲಿದ್ದಲು ಗಣಿ ಮಾನದಂಡ: ಪಿಎಚ್ 5.5ರಿಂದ 9, ತೇಲುವ ಘನವಸ್ತು ಲೀಟರಿಗೆ 100 ಮಿ.ಗ್ರಾಂ. (ನೀರಾವರಿ ಭೂಮಿಗಾದರೆ 200), ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) 250, ಎಣ್ಣೆ ಗ್ರೀಸ್ 10, ನೈಟ್ರೇಟ್ ರೂಪದ ನೈಟ್ರೋಜನ್ 10. ಇದರಲ್ಲಿ ಸಲ್ಫೇಟ್ ಇಲ್ಲ, ಕರಗಿದ ಘನವಸ್ತು ಇಲ್ಲ. ಆದ್ದರಿಂದ ‘ಮಾನದಂಡದೊಳಗೆ ಇದೆ’ ಎಂದ ನೀರು ಕುಡಿಯಲು ಯೋಗ್ಯ ಎಂದಾಗದು. ಕುಡಿಯುವುದಕ್ಕೆ ಭಾರತೀಯ ಮಾನಕ ಐಎಸ್ 10500 (ಲೀಟರಿಗೆ ಮಿ.ಗ್ರಾಂ. ಲೆಕ್ಕದಲ್ಲಿ): ಕರಗಿದ ಘನವಸ್ತು 500, ಬೇರೆ ಮೂಲವೇ ಇಲ್ಲದಿದ್ದರೆ 2,000, ಸಲ್ಫೇಟ್ 200, ಬೇರೆ ಮೂಲವಿಲ್ಲದಿದ್ದರೆ 400, ಫ್ಲೋರೈಡ್ 1, ಗರಿಷ್ಠ 1.5; ನೈಟ್ರೇಟ್ 45. ಈ 45 ನೈಟ್ರೇಟ್ ಆಗಿ, ಮೇಲಿನ 10 ನೈಟ್ರೋಜನ್ ಆಗಿ. ಎರಡೂ ಹೆಚ್ಚು ಕಡಿಮೆ ಒಂದೇ.

ನೈಟ್ರೇಟ್ ಏರಿದರೆ ಗೊಬ್ಬರ, ಚರಂಡಿಯ ಜೊತೆಗೆ ಸಿಡಿಮದ್ದನ್ನೂ ನೆನೆಯಿರಿ: ಅದರ ಮುಖ್ಯ ಪದಾರ್ಥ ಅಮೋನಿಯಂ ನೈಟ್ರೇಟ್, ಒದ್ದೆ ತೂತಿನಲ್ಲಿ ಸಿಡಿಯದೆ ಉಳಿದದ್ದು ಕರಗಿ ಸಂಪಿಗೆ ಬರುತ್ತದೆ. ಫ್ಲೋರೈಡ್ ಬಗ್ಗೆ ಮಾತ್ರ ದುಡುಕಬೇಡಿ. ಚಂದ್ರಪುರ ಜಿಲ್ಲೆಯ ಹಲವೆಡೆ ಅದು ಬಂಡೆಯಿಂದಲೇ ಬರುತ್ತದೆ.

ಗಣಿಯ ನೀರು ಹುಳಿಯಾಗಿ, ಆಮ್ಲವಾಗಿ ಹರಿಯುತ್ತದೆ ಎನ್ನುತ್ತಾರಲ್ಲ?

ಕಲ್ಲಿದ್ದಲಿನ ಜೊತೆಗಿರುವ ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜ, ಗಾಳಿ ನೀರು ತಾಗಿದಾಗ ಗಂಧಕಾಮ್ಲವಾಗುತ್ತದೆ. ಗಂಧಕ ಹೆಚ್ಚಿರುವ ಮೇಘಾಲಯದ ಜೈಂತಿಯಾ ಬೆಟ್ಟ, ಅಸ್ಸಾಂನ ಮಾಕುಮ್‌ನ ಕಲ್ಲಿದ್ದಲಿನಲ್ಲಿ ಇದು ದೊಡ್ಡ ಪಿಡುಗು. ಗೊಂಡ್ವಾನ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ, ಹಾಗಾಗಿ ಅಪರೂಪ. ಅಪರೂಪ ಎಂದ ಮಾತ್ರಕ್ಕೆ ಪರೀಕ್ಷೆ ಬಿಡುವಂತಿಲ್ಲ; ಮೇಲ್ಗಡೆಯ ಶೇಲ್ ಪದರದಲ್ಲಿ ಗಂಧಕ ಬೇರೆಯೇ ಇರಬಹುದು, ಡಂಪ್‌ಗೆ ಹೋಗುವುದು ಅದೇ.

ಲೆಕ್ಕ: ಬಂಡೆಯಲ್ಲಿ ಶೇ. 0.5 ಪೈರೈಟ್ ಗಂಧಕ ಇದ್ದರೆ ಪ್ರತಿ ಟನ್ ಬಂಡೆಯಿಂದ ಬರುವ ಆಮ್ಲವನ್ನು ತಣಿಸಲು 31.25 × 0.5, ಅಂದರೆ 15.6 ಕೆ.ಜಿ. ಸುಣ್ಣಕಲ್ಲಿನಷ್ಟು ಶಕ್ತಿ ಬೇಕು. ಬಂಡೆಯಲ್ಲಿ ಇರುವ ತಣಿಸುವ ಶಕ್ತಿ ಅದಕ್ಕಿಂತ ಕಡಿಮೆಯಿದ್ದರೆ ಆಮ್ಲ ಬರುತ್ತದೆ. ಮೂರು ಪಟ್ಟು ಇದ್ದರೆ ಚಿಂತೆಯಿಲ್ಲ. ನಡುವೆ ಇದ್ದರೆ ತಿಂಗಳುಗಟ್ಟಲೆ ಒದ್ದೆ ಮಾಡಿ ಒಣಗಿಸಿ ನೋಡುವ ಪರೀಕ್ಷೆ ಬೇಕು. ಆಮ್ಲ ತಣಿದರೂ ಸಲ್ಫೇಟ್ ಉಳಿಯುತ್ತದೆ, ಗಡಸುತನ ಏರುತ್ತದೆ. ಪಿಎಚ್ 7.5 ಇದೆ ಎಂದು ನಿರಾಳವಾಗಬೇಡಿ.

ಹೂಳುಗುಂಡಿ ಎಷ್ಟು ದೊಡ್ಡದಿರಬೇಕು?

ಸೆಕೆಂಡಿಗೆ 0.5 ಘನ ಮೀಟರ್ ಕೆಸರು ನೀರು ಬರುತ್ತಿದೆ, 20 ಮೈಕ್ರಾನ್ ಕಣ ತಳ ಸೇರಬೇಕು ಎನ್ನೋಣ. ಅಂಥ ಕಣ ಇಳಿಯುವ ವೇಗ ಸೆಕೆಂಡಿಗೆ 0.36 ಮಿ.ಮೀ. ಬೇಕಾದ ಮೇಲ್ಮೈ 0.5 ÷ 0.00036, ಸುಮಾರು 1,400 ಚದರ ಮೀಟರ್. ಸುಳಿ, ಅಡ್ಡಹರಿವು ನೆನೆದು ದುಪ್ಪಟ್ಟು ಮಾಡಿ. ಆಳ ಹೆಚ್ಚಿಸಿದರೆ ಹೂಳು ಹಿಡಿಯುವ ಜಾಗ ಹೆಚ್ಚುತ್ತದೆ, ಕಣ ಬೇಗ ಇಳಿಯುವುದಿಲ್ಲ. 2 ಮೈಕ್ರಾನ್ ಜೇಡಿಯಾದರೆ ನೂರು ಪಟ್ಟು, ಸುಮಾರು 14 ಹೆಕ್ಟೇರ್ ಬೇಕು. ಆಗದ ಮಾತು. ಕಪ್ಪುಮಣ್ಣಿನ ಡಂಪ್ ಇರುವ ಕಡೆ ಆಲಂ ಅಥವಾ ಪಾಲಿಮರ್ ಹಾಕುವ ವ್ಯವಸ್ಥೆ ಇಲ್ಲದೆ 100 ಮಿ.ಗ್ರಾಂ. ಮಿತಿ ಮುಟ್ಟುವುದಿಲ್ಲ. ಮುಂಗಾರಿಗೆ ಮೊದಲು ಹೂಳು ತೆಗೆಯದ ಗುಂಡಿ ಇದ್ದೂ ಇಲ್ಲದಂತೆ.

ನೆಲದಡಿಯ ಗಣಿಯಾದರೆ ತೊಂದರೆ ಕಡಿಮೆಯೇ?

ಮೇಲೆ ಕಾಣುವುದು ಕಡಿಮೆ. ಕಲ್ಲಿದ್ದಲಿನ ಕಂಬಗಳನ್ನು ಆಸರೆಗೆ ಬಿಟ್ಟು ಉಳಿದದ್ದನ್ನು ತೆಗೆದರೆ ನೀರಿನ ಕುಸಿತ ಸಾಧಾರಣ. ಕಂಬ ಕಿತ್ತು ಚಾವಣಿ ಕುಸಿಯಬಿಟ್ಟರೆ ಬಿರುಕು ಮೇಲಿನ ಜಲಧರವನ್ನೂ ಕೆಲವೊಮ್ಮೆ ಕೆರೆಯ ತಳವನ್ನೂ ಮುಟ್ಟುತ್ತದೆ. ನೀರು ಗಣಿಕಾರ್ಮಿಕರ ಜೀವದ ಪ್ರಶ್ನೆಯೂ ಹೌದು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾದಲ್ಲಿ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನುಗ್ಗಿ 375 ಮಂದಿ ಸತ್ತರು. ಹಳೆಯ ಗಣಿಗಳ ನಕ್ಷೆ, ಅವುಗಳಲ್ಲಿ ನಿಂತ ನೀರಿನ ಪ್ರಮಾಣ ವರದಿಯಲ್ಲಿ ಇರಲೇಬೇಕು.

ಗಣಿಯ ನೀರನ್ನು ಹೊಲಕ್ಕೂ ಊರಿಗೂ ಕೊಡುತ್ತಾರೆ. ಅದು ಒಳ್ಳೆಯದಲ್ಲವೇ?

ಚೆಲ್ಲುವುದಕ್ಕಿಂತ ಖಂಡಿತ ಒಳ್ಳೆಯದು. ಆದರೆ ಅದು ಬಾವಿಗೆ ಬದಲಿಯಲ್ಲ. ಬಾವಿಯ ನೀರು ರೈತನದು, ಯಾವಾಗ ಬೇಕಾದರೂ ಎತ್ತಬಹುದು. ಗಣಿಯ ನೀರು ಗಣಿಯ ಪಂಪ್ ಓಡುವಷ್ಟು ದಿನ, ಅವರು ಬಿಟ್ಟ ಹೊತ್ತಿಗೆ. ಗಣಿ ಮುಚ್ಚಿದ ದಿನ ಪಂಪೂ ನಿಲ್ಲುತ್ತದೆ, ಬಾವಿಯ ಮಟ್ಟ ಮಾತ್ರ ಆ ದಿನವೇ ಮೇಲೇಳುವುದಿಲ್ಲ. ಮುಚ್ಚಿದ ನಂತರ ನೀರು ಯಾರು, ಎಲ್ಲಿಂದ, ಎಷ್ಟು ವರ್ಷ ಕೊಡುತ್ತಾರೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನೀರಾವರಿಗೆ ಬಿಡುವ ಮುನ್ನ ಸೋಡಿಯಂ ಅನುಪಾತವನ್ನೂ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟು ಎಂಬುದನ್ನೂ) ಪರೀಕ್ಷಿಸಿ. ಕಪ್ಪುಮಣ್ಣಿಗೆ ಸೋಡಿಯಂ ಸೇರಿದರೆ ಹೊಲ ಅಂಟಂಟಾಗಿ ನೀರು ಇಂಗುವುದು ನಿಲ್ಲುತ್ತದೆ.

ಯಾವ ಅನುಮತಿಗಳಲ್ಲಿ ನೀರಿನ ಷರತ್ತು ಇರುತ್ತದೆ?

2006ರ ಸೆಪ್ಟೆಂಬರ್ 14ರ ಅಧಿಸೂಚನೆಯಡಿ ಪರಿಸರ ಅನುಮತಿ. ನೀರೆತ್ತಲು ಕೇಂದ್ರ ಅಂತರ್ಜಲ ಪ್ರಾಧಿಕಾರ ಅಥವಾ ರಾಜ್ಯದ ಪ್ರಾಧಿಕಾರದ ನಿರಾಕ್ಷೇಪಣೆ. ಹೊರಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಅನುಮತಿ ಸಿಕ್ಕ ಮೇಲೆ ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು. ಮೂರೂ ಅನುಮತಿಯ ಕಾಗದದಲ್ಲಿ ದಿನಕ್ಕೆ ಎತ್ತುವ ನೀರಿನ ಅಂಕಿ ಒಂದೇ ಇದೆಯೇ ಎಂದು ಅಕ್ಕಪಕ್ಕ ಇಟ್ಟು ನೋಡಿ.

ಗಣಿ ಮುಚ್ಚಿದ ಮೇಲೆ ನೀರು ಮೊದಲಿನಂತೆ ಆಗುತ್ತದೆಯೇ?

ಪೂರ್ತಿ ಆಗುವುದಿಲ್ಲ. ಮರಳಿ ತುಂಬಿದ ಮಣ್ಣುಕಲ್ಲಿನಲ್ಲಿ ಹಳೆಯ ಪದರಗಳಿಲ್ಲ. ನೀರು ಬೇರೆ ದಾರಿ ಹಿಡಿಯುತ್ತದೆ, ಹರಿಯುವಾಗ ಉಪ್ಪನ್ನು ತೊಳೆದು ತರುತ್ತದೆ. ಮಟ್ಟ ಏರಿದ ಮೊದಲ ವರ್ಷಗಳಲ್ಲಿ ಸಲ್ಫೇಟ್ ಅತಿ ಹೆಚ್ಚು ಬರುವುದು ಇದರಿಂದ. ಗುಂಡಿಗೆ ಹಾರುಬೂದಿ ತುಂಬಿದ್ದರೆ ಬೋರಾನ್, ಆರ್ಸೆನಿಕ್ ಪರೀಕ್ಷೆಯನ್ನೂ ಪಟ್ಟಿಗೆ ಸೇರಿಸಿ.

ಉಳಿದ ಗುಂಡಿ 5 ಕೋಟಿ ಘನ ಮೀಟರ್ ಇದ್ದು, ಮಳೆ ಒರತೆ ಸೇರಿ ವರ್ಷಕ್ಕೆ ನಿವ್ವಳ 25 ಲಕ್ಷ ಬಂದರೆ ತುಂಬಲು 20 ವರ್ಷ. ಗುಂಡಿ ತುಂಬಿದಂತೆ ಒರತೆ ನಿಧಾನವಾಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಆಮೇಲೂ ಕೆರೆಯ ಮೇಲ್ಮೈಯಿಂದ ಆವಿ ಮಳೆಗಿಂತ 0.6 ಮೀ. ಹೆಚ್ಚು ಹೋಗುವುದಾದರೆ, 100 ಹೆಕ್ಟೇರ್ ಕೆರೆ ಪ್ರತಿ ವರ್ಷ 6 ಲಕ್ಷ ಘನ ಮೀಟರ್ ಅಂತರ್ಜಲವನ್ನು ಎಳೆಯುತ್ತಲೇ ಇರುತ್ತದೆ, ಅದರ ನೀರು ವರ್ಷ ವರ್ಷ ಉಪ್ಪಾಗುತ್ತದೆ. ಕೆರೆ ಸಿಗುತ್ತದೆ ಎಂದು ತೋರಿಸುವ ವರದಿಯಲ್ಲಿ ಈ ಲೆಕ್ಕ ಕೇಳಿ.

ವರದಿ ಕೈಗೆ ಬಂದಾಗ ಮೊದಲು ಯಾವ ಪುಟ ತೆರೆಯಬೇಕು?

ಅನುಬಂಧ. ಬಾವಿಗಳ ಪಟ್ಟಿಯಲ್ಲಿ ನಿಮ್ಮೂರಿನ ಬಾವಿ ಹುಡುಕಿ, ಆಳ ಮತ್ತು ಮಟ್ಟ ನೀವು ಕಂಡದ್ದಕ್ಕೆ ಹೊಂದುತ್ತದೆಯೇ ನೋಡಿ. ಆಮೇಲೆ ಅಳತೆಯ ದಿನಾಂಕ: ಐವತ್ತು ಬಾವಿ ಒಂದೇ ದಿನ, ಒಂದೇ ತಂಡ ಅಳೆದಿದ್ದರೆ ಪ್ರಶ್ನಿಸಿ. ಕೊಳವೆಬಾವಿಯ ಪದರದ ವಿವರ ಇದೆಯೇ? ಪಂಪಿಂಗ್ ಪರೀಕ್ಷೆಯ ಕಚ್ಚಾ ಅಂಕಿ ಇದೆಯೇ, ಬರೀ ಉತ್ತರವೇ? ಪ್ರಭಾವದ ದೂರ ಯಾವ ಸೂತ್ರದಿಂದ? ಒರತೆ, ಮಳೆ ಬೇರೆ ಬೇರೆ ತೋರಿಸಿದ್ದಾರೆಯೇ? ಬೇರೆ ಜಿಲ್ಲೆಯ ನದಿ, ಬೇರೆ ಮಣ್ಣಿನ ಹೆಸರು ನಡುವೆ ನುಸುಳಿದ್ದರೆ ಹಳೆಯ ವರದಿಯಿಂದ ನಕಲಾಗಿದೆ ಎಂದು ತಿಳಿಯಿರಿ. ಪುಟಸಂಖ್ಯೆ ಸಮೇತ ಆಲಿಕೆಯಲ್ಲಿ ಲಿಖಿತವಾಗಿ ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದ ಆಕ್ಷೇಪ ಸಭೆಯ ನಡಾವಳಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಲಿಖಿತವಾದದ್ದಕ್ಕೆ ಅಂತಿಮ ವರದಿಯಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ.